ಸ್ಕ್ವಾಟ್ ಮೊದಲು ಮಾಡಿದರೆ ತೋಳು ಬೆಳೆಯುತ್ತಾ? ಭಾರ ಎತ್ತುವ ವ್ಯಾಯಾಮ ಮತ್ತು ಹಾರ್ಮೋನ್ ಲೆಕ್ಕ

ತೋಳ್ಬಲ
ಜಿಮ್‌ಗಳಲ್ಲಿ ಟ್ರೈನರ್‌ಗಳು ಹೇಳುವ ಮೂರು ಮಾತುಗಳ ಬಗ್ಗೆ ತಿಳಿದವರು ಬಿಡಿಸಿ ಹೇಳಬೇಕು. ಒಂದು, ತೋಳಿನ ವ್ಯಾಯಾಮಕ್ಕೆ ಮುಂಚೆ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಮಾಡಿದರೆ ಟೆಸ್ಟೋಸ್ಟೆರಾನ್, ಗ್ರೋತ್ ಹಾರ್ಮೋನ್ ಏರಿ ತೋಳು ಬೇಗ ದಪ್ಪ ಆಗುತ್ತದೆ. ಎರಡು, ಸೆಟ್‌ಗಳ ನಡುವೆ (ಸೆಟ್ ಅಂದರೆ ಬಿಡದೆ ಎತ್ತುವ ಒಂದು ಸರದಿ) 60 ಸೆಕೆಂಡಿಗಿಂತ ಹೆಚ್ಚು ಕೂರಬಾರದು, ಕೂತರೆ ಹಾರ್ಮೋನ್ ಇಳಿದುಹೋಗುತ್ತದೆ. ಮೂರು, 45 ನಿಮಿಷ ದಾಟಿದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಬಂದು ಸ್ನಾಯುವನ್ನು ತಿನ್ನುತ್ತದೆ. ಇವುಗಳಲ್ಲಿ ಯಾವುದು ನಿಜ? ಅಂಕಿ ಸಮೇತ ಹೇಳಿದರೆ ಉಪಕಾರ.

ಸ್ನಾಯುತಂತು
ಮೊದಲನೆಯದರಿಂದ ಶುರು ಮಾಡುತ್ತೇನೆ, ಉಳಿದೆರಡಕ್ಕೂ ಅದೇ ಬೇರು.

ಹಾರ್ಮೋನ್ ಏರುವುದು ಸುಳ್ಳಲ್ಲ. 1990ರಲ್ಲಿ ವಿಲಿಯಂ ಕ್ರೇಮರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಎರಡು ಬಗೆಯ ವ್ಯಾಯಾಮವನ್ನು ಪಕ್ಕಪಕ್ಕದಲ್ಲಿಟ್ಟು ರಕ್ತ ತೆಗೆದು ನೋಡಿದರು. 5 ಸಲ ಮಾತ್ರ ಎತ್ತಲಾಗುವ ಭಾರ, ನಡುವೆ 3 ನಿಮಿಷ ವಿಶ್ರಾಂತಿ ಒಂದು ಕಡೆ. 10 ಸಲ ಎತ್ತಲಾಗುವ ಭಾರ, 1 ನಿಮಿಷ ವಿಶ್ರಾಂತಿ ಇನ್ನೊಂದು ಕಡೆ. ಎರಡನೆಯದರಲ್ಲಿ ಗ್ರೋತ್ ಹಾರ್ಮೋನ್ ಬಹಳ ಹೆಚ್ಚು ಏರಿತು. ದೊಡ್ಡ ಸ್ನಾಯುಗಳು, ಹೆಚ್ಚು ಸೆಟ್, ಕಡಿಮೆ ವಿಶ್ರಾಂತಿ, ರಕ್ತದಲ್ಲಿ ಹೆಚ್ಚು ಲ್ಯಾಕ್ಟೇಟ್ (ಜೋರು ದುಡಿಮೆಯಲ್ಲಿ ಸ್ನಾಯು ಬಿಡುವ ವಸ್ತು): ಇವು ಸೇರಿದರೆ ಹಾರ್ಮೋನ್ ಏರುತ್ತದೆ. ಜಿಮ್ ಮಾತು ಹುಟ್ಟಿದ್ದು ಇಂಥ ಅಧ್ಯಯನಗಳಿಂದಲೇ.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಹಾರ್ಮೋನ್ ಏರಿತು, ಆದ್ದರಿಂದ ಸ್ನಾಯು ಬೆಳೆಯಿತು ಎಂದು ಯಾರೂ ಅಳೆದಿರಲಿಲ್ಲ, ಊಹಿಸಿಕೊಂಡರು. ಟೆಸ್ಟೋಸ್ಟೆರಾನ್ ಏರಿಕೆ ವ್ಯಾಯಾಮ ಮುಗಿದ 15ರಿಂದ 30 ನಿಮಿಷ ಕಾಣುತ್ತದೆ, ಒಂದು ಗಂಟೆಯೊಳಗೆ ಮೊದಲಿದ್ದಲ್ಲಿಗೇ ಬರುತ್ತದೆ. ಆ ಏರಿಕೆಯಲ್ಲೂ ಒಂದು ಪಾಲು ಹೊಸದಾಗಿ ತಯಾರಾದ ಹಾರ್ಮೋನ್ ಅಲ್ಲ. ಜೋರು ವ್ಯಾಯಾಮದಲ್ಲಿ ರಕ್ತದ ನೀರಿನಂಶ ಸ್ನಾಯುವಿನೊಳಗೆ ಸರಿಯುತ್ತದೆ, ಹಾಗಾಗಿ ರಕ್ತ ಮಂದವಾಗಿ ಅದರಲ್ಲಿರುವುದೆಲ್ಲ ಹೆಚ್ಚಾದಂತೆ ಕಾಣುತ್ತದೆ. ಜೊತೆಗೆ ಲಿವರ್‌ಗೆ ಹರಿಯುವ ರಕ್ತ ಕಡಿಮೆಯಾಗಿ ಹಾರ್ಮೋನ್ ವಿಲೇವಾರಿ ನಿಧಾನವಾಗುತ್ತದೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಫಿಲಿಪ್ಸ್ ಅವರ ತಂಡ ಇದನ್ನು ನೇರವಾಗಿ ಪರೀಕ್ಷಿಸಿತು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ಯುವಕರು. ಒಬ್ಬನದೇ ಒಂದು ತೋಳಿಗೆ ಕರ್ಲ್ (ಮೊಣಕೈ ಮಡಚಿ ಭಾರ ಎತ್ತುವುದು) ಮಾತ್ರ; ಇನ್ನೊಂದು ತೋಳಿಗೆ ಬೇರೆ ದಿನ ಅದೇ ಕರ್ಲ್, ಅದರ ಬೆನ್ನಿಗೇ ಕಾಲಿಗೆ ಭಾರಿ ವ್ಯಾಯಾಮ. 15 ವಾರ ಕಳೆದ ಮೇಲೆ ಎರಡು ತೋಳಿನ ಗಾತ್ರದಲ್ಲೂ ಬಲದಲ್ಲೂ ವ್ಯತ್ಯಾಸ ಇರಲಿಲ್ಲ. ಅದೇ ತಂಡ 2012ರಲ್ಲಿ 56 ಜನರಲ್ಲಿ, 2016ರಲ್ಲಿ ಮೊದಲೇ ಪಳಗಿದ 49 ಜನರಲ್ಲಿ 12 ವಾರಗಳ ಲೆಕ್ಕ ತೆಗೆಯಿತು. ವ್ಯಾಯಾಮದ ಬೆನ್ನಿಗೆ ಟೆಸ್ಟೋಸ್ಟೆರಾನ್, ಗ್ರೋತ್ ಹಾರ್ಮೋನ್ ಎಷ್ಟು ಏರಿತು ಎನ್ನುವುದಕ್ಕೂ ಯಾರ ಸ್ನಾಯು ಎಷ್ಟು ಬೆಳೆಯಿತು ಎನ್ನುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ.

ಸ್ನಾಯು ಬೆಳೆಯಲು ಹೇಳುವುದು ಆ ಸ್ನಾಯುವಿನ ಎಳೆಗಳ ಮೇಲೆಯೇ ಬೀಳುವ ಎಳೆತ. ಎಳೆತವನ್ನು ಜೀವಕೋಶ ಗುರುತಿಸಿ ಒಳಗಿನ ಎಂಟಾರ್ ಎಂಬ ಪ್ರೋಟೀನ್ ವ್ಯವಸ್ಥೆಯನ್ನು ಎಬ್ಬಿಸುತ್ತದೆ, ಒಂದೆರಡು ದಿನ ಹೊಸ ಪ್ರೋಟೀನ್ ಕಟ್ಟುವ ಕೆಲಸ ಜೋರಾಗುತ್ತದೆ. ಎಡಗೈಗೆ ಮಾತ್ರ ವ್ಯಾಯಾಮ ಕೊಟ್ಟರೆ ಎಡಗೈಯೇ ದಪ್ಪವಾಗುತ್ತದೆ. ಎರಡೂ ಕೈಗೆ ಹರಿಯುವ ರಕ್ತ ಒಂದೇ, ಹಾರ್ಮೋನ್ ಒಂದೇ.

ಗರಡಿಮಣ್ಣು
ಸ್ನಾಯುತಂತು ಅವರೇ, ನಾರ್ವೆಯ ಅಧ್ಯಯನವನ್ನು ಬಿಟ್ಟಿರಿ. 2011ರಲ್ಲಿ ರಾನ್ನೆಸ್ಟಾಡ್ ತಂಡ ಕಾಲಿನ ವ್ಯಾಯಾಮ ಮೊದಲು, ತೋಳು ಆಮೇಲೆ ಮಾಡಿಸಿ, ತೋಳಿಗೆ ಅನುಕೂಲ ಕಂಡಿತು. ಮ್ಯಾಕ್‌ಮಾಸ್ಟರ್‌ನವರು ಕಾಲನ್ನು ಆಮೇಲೆ ಇಟ್ಟಿದ್ದರು. ಕ್ರಮವೇ ಬೇರೆ ಇದ್ದಾಗ ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕುವುದು ಸರಿಯಲ್ಲ.

ಸ್ನಾಯುತಂತು
ನ್ಯಾಯವಾದ ಆಕ್ಷೇಪ ಸರ್. ಆ ಅಧ್ಯಯನದಲ್ಲಿ ಜನ ತೀರಾ ಕಡಿಮೆ, ಅದಕ್ಕಿಂತ ದೊಡ್ಡ ಗುಂಪುಗಳಲ್ಲಿ ಹಾರ್ಮೋನ್ ಏರಿಕೆಗೂ ಬೆಳವಣಿಗೆಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ ಎನ್ನುವುದರ ಮೇಲೆ ನನ್ನ ತೂಕ. ಪರಿಣಾಮ ಇದ್ದರೂ ಚಿಕ್ಕದು, ಅದಕ್ಕಾಗಿ ಇಡೀ ವೇಳಾಪಟ್ಟಿ ತಿರುಗಿಸುವಷ್ಟಿಲ್ಲ. ಕಾಲಿಗೆ ವ್ಯಾಯಾಮ ಕೊಡಿ, ಕಾಲಿಗಾಗಿ ಕೊಡಿ.

ಗರಡಿಮಣ್ಣು
ಅದನ್ನು ಒಪ್ಪುತ್ತೇನೆ. ಇನ್ನು 60 ಸೆಕೆಂಡಿನ ವಿಷಯ. ಇದರಿಂದ ಆಗುವ ನಷ್ಟವನ್ನು ಜಿಮ್‌ನಲ್ಲಿ ಕಣ್ಣಾರೆ ನೋಡಬಹುದು. 80 ಕೆಜಿಯಲ್ಲಿ 10 ಸಲ ಸ್ಕ್ವಾಟ್ ಮಾಡಬಲ್ಲವನು ಒಂದೇ ನಿಮಿಷ ಕೂತು ಎದ್ದರೆ ಎರಡನೇ ಸೆಟ್ 7ಕ್ಕೆ, ಮೂರನೆಯದು 5ಕ್ಕೆ ನಿಲ್ಲುತ್ತದೆ. ಒಟ್ಟು 22. ಮೂರು ನಿಮಿಷ ಕೂತರೆ 10, 9, 8, ಒಟ್ಟು 27. ಸ್ನಾಯುವಿಗೆ ಸಿಕ್ಕ ಕೆಲಸದಲ್ಲಿ 400 ಕೆಜಿ ವ್ಯತ್ಯಾಸ. ಅದೂ ಅಲ್ಲದೆ, ಒಂದು ನಿಮಿಷದಲ್ಲಿ ಎದ್ದವನು ನಿಲ್ಲುವುದು ತೊಡೆ ಸೋತದ್ದಕ್ಕಲ್ಲ, ಉಸಿರು ಸಾಲದೆ.

2016ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ತಂಡ ಪಳಗಿದ 21 ಯುವಕರಿಗೆ 8 ವಾರ ಇದನ್ನೇ ಮಾಡಿಸಿತು, ಒಂದು ಗುಂಪಿಗೆ 1 ನಿಮಿಷ, ಇನ್ನೊಂದಕ್ಕೆ 3 ನಿಮಿಷ. ಬಲವೂ ತೊಡೆಯ ದಪ್ಪವೂ 3 ನಿಮಿಷದವರಲ್ಲೇ ಹೆಚ್ಚು. ಅಂದರೆ ಗ್ರೋತ್ ಹಾರ್ಮೋನ್ ಜಾಸ್ತಿ ಏರಿಸುವ ಪದ್ಧತಿಯೇ ಸ್ನಾಯುವನ್ನು ಕಡಿಮೆ ಬೆಳೆಸಿತು.

ಸ್ಕ್ವಾಟ್, ಡೆಡ್‌ಲಿಫ್ಟ್, ರೋ (ಭಾರವನ್ನು ಮೈಕಡೆಗೆ ಎಳೆಯುವುದು) ಇಂಥ ದೊಡ್ಡ ವ್ಯಾಯಾಮಗಳಿಗೆ 2ರಿಂದ 3 ನಿಮಿಷ. ಕರ್ಲ್, ಲ್ಯಾಟರಲ್ ರೈಸ್‌ಗೆ ಒಂದೂವರೆ ನಿಮಿಷ ಸಾಕು. ಸಮಯ ಉಳಿಸಬೇಕಿದ್ದರೆ ವಿಶ್ರಾಂತಿ ಕತ್ತರಿಸಬೇಡಿ, ಎದುರುಬದುರು ಸ್ನಾಯುಗಳನ್ನು ಜೋಡಿ ಮಾಡಿ: ಒಂದು ಸೆಟ್ ಬೆಂಚ್ (ಮಲಗಿ ಭಾರ ಮೇಲಕ್ಕೆ ತಳ್ಳುವುದು), ಒಂದೂವರೆ ನಿಮಿಷ ಬಿಟ್ಟು ಒಂದು ಸೆಟ್ ರೋ. ಎದೆಗೆ ಮೂರು ನಿಮಿಷ ಸಿಕ್ಕ ಹಾಗೂ ಆಯಿತು, ಗಡಿಯಾರವೂ ಓಡಲಿಲ್ಲ.

ಹಗ್ಗದಗಂಟು
ಹಾಗಾದರೆ ಗ್ರೋತ್ ಹಾರ್ಮೋನ್ ಏರುವುದಾದರೂ ಯಾಕೆ?

ಸ್ನಾಯುತಂತು
ಇಂಧನಕ್ಕೆ. ಅದು ಮುಖ್ಯವಾಗಿ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಸ್ನಾಯು ಎಳೆಗಿಂತ ಸ್ನಾಯುರಜ್ಜು ಮತ್ತು ಅದರ ಹೊದಿಕೆಯ ಕೊಲಾಜೆನ್ ತಯಾರಿಕೆಗೆ ಅದರ ನೆರವು ಹೆಚ್ಚು. ದಿನದ ದೊಡ್ಡ ಅಲೆ ಬರುವುದು ರಾತ್ರಿ ಗಾಢ ನಿದ್ದೆಯ ಮೊದಲ ಭಾಗದಲ್ಲಿ. ವ್ಯಾಯಾಮದಲ್ಲಿ ಎಲ್ಲಕ್ಕಿಂತ ಮೊದಲು ಏರುವುದು ಅಡ್ರಿನಲಿನ್. ಬಾರ್ ಹಿಡಿಯುವ ಮುಂಚೆಯೇ ಏರಿರುತ್ತದೆ, ಸೆಟ್ ಮುಗಿದ ಕೆಲ ನಿಮಿಷದಲ್ಲಿ ಇಳಿಯುತ್ತದೆ.

ಕಾರ್ಟಿಸಾಲ್ ಕೂಡ ಇದೇ ಸಾಲಿನದು. ಲಿವರ್‌ನಿಂದ ಗ್ಲೂಕೋಸ್, ಕೊಬ್ಬಿನಿಂದ ಕೊಬ್ಬಿನಾಮ್ಲ ಬಿಡಿಸಿ ಕೆಲಸಕ್ಕೆ ಒದಗಿಸುವುದು ಅದರ ಕೆಲಸ. 45ನೇ ನಿಮಿಷಕ್ಕೆ ತೆರೆಯುವ ಬಾಗಿಲು ಎಂದು ಯಾವುದೂ ಇಲ್ಲ. ತೀವ್ರತೆ, ಒಟ್ಟು ಕೆಲಸ, ಹೊಟ್ಟೆಯ ಸ್ಥಿತಿ ನೋಡಿಕೊಂಡು ನಿಧಾನಕ್ಕೆ ಏರುತ್ತದೆ. ಬೆಳಿಗ್ಗೆ ಎದ್ದ 30ರಿಂದ 45 ನಿಮಿಷದಲ್ಲಿ ಎಲ್ಲರಿಗೂ ಅದು ಏರಿಯೇ ಇರುತ್ತದೆ, ಯಾರ ತೋಳೂ ಕರಗಿಲ್ಲ. ಮೇಲೆ ಹೇಳಿದ 2012ರ ಅಧ್ಯಯನದಲ್ಲಿ ಕಾರ್ಟಿಸಾಲ್ ಹೆಚ್ಚು ಏರಿದವರಲ್ಲಿ ಸ್ನಾಯುವಿನ ತೂಕ ತುಸು ಹೆಚ್ಚೇ ಕೂಡಿತ್ತು, ಬಹುಶಃ ಅವರು ಜೋರಾಗಿ ದುಡಿದದ್ದಕ್ಕೆ. ಭಯಪಡಬೇಕಾದದ್ದು ದಿನವಿಡೀ ತಿಂಗಳುಗಟ್ಟಲೆ ಏರಿದ ಕಾರ್ಟಿಸಾಲ್‌ಗೆ, ಗಂಟೆಯ ಏರಿಕೆಗಲ್ಲ.

ಸೀರಂಟ್ಯೂಬ್
ಲ್ಯಾಬ್ ಕಡೆಯಿಂದ ಕೆಲವು ಮಾತು. ವ್ಯಾಯಾಮ ಮಾಡುವವರ ರಿಪೋರ್ಟ್ ಓದುವಾಗ ಮತ್ತೆ ಮತ್ತೆ ಅದೇ ತಪ್ಪುಗಳು.

ಟೆಸ್ಟೋಸ್ಟೆರಾನ್‌ಗೆ ರಕ್ತ ಕೊಡುವುದು ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ. ಸಂಜೆ ಕೊಟ್ಟರೆ ಯುವಕರಲ್ಲಿ ಸಹಜವಾಗಿಯೇ ಕಡಿಮೆ ಬರುತ್ತದೆ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡದೆ ನಿರ್ಧಾರಕ್ಕೆ ಬರಬಾರದು. ಬೊಜ್ಜಿಲ್ಲದ 19ರಿಂದ 39 ವಯಸ್ಸಿನ ಗಂಡಸರಿಗೆ ಒಪ್ಪಿತ ಮಿತಿ ಒಂದು ಡೆಸಿಲೀಟರ್‌ಗೆ 264ರಿಂದ 916 ನ್ಯಾನೊಗ್ರಾಂ. ಅಷ್ಟು ಅಗಲವಾದ ಮಿತಿಯೊಳಗೆ 450 ಇರುವವನು 600 ಇರುವವನಿಗಿಂತ ಕಡಿಮೆ ಬೆಳೆಯುತ್ತಾನೆ ಎಂದು ಹೇಳಲು ಬರುವುದಿಲ್ಲ. ಜ್ವರ ಬಂದಾಗ, ಕಟ್ಟುನಿಟ್ಟಿನ ಉಪವಾಸದಲ್ಲಿದ್ದಾಗ ಪರೀಕ್ಷೆ ಬೇಡ.

ಕೂದಲಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುವವರು ಗಮನಿಸಿ. 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಕೆಲವು ಯಂತ್ರಗಳ ಪರೀಕ್ಷೆಯನ್ನೇ ಕೆಡಿಸುತ್ತದೆ: ಟೆಸ್ಟೋಸ್ಟೆರಾನ್, ಥೈರಾಯ್ಡ್ ಹಾರ್ಮೋನ್ ಟಿ4 ಇಲ್ಲದೆಯೂ ಹೆಚ್ಚು ತೋರಿಸಬಹುದು, ಥೈರಾಯ್ಡನ್ನು ನಡೆಸುವ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿಸಬಹುದು. ರಕ್ತ ಕೊಡುವ 2-3 ದಿನ ಮುಂಚೆ ನಿಲ್ಲಿಸಿ, ಲ್ಯಾಬ್‌ನವರಿಗೂ ತಿಳಿಸಿ.

ಹಾರ್ಮೋನ್ ಅಲ್ಲದಿದ್ದರೂ ಇದನ್ನು ಹೇಳಲೇಬೇಕು. ಭಾರಿ ಕಾಲಿನ ವ್ಯಾಯಾಮದ ಮಾರನೇ ದಿನ ರಕ್ತ ಕೊಟ್ಟರೆ ಲಿವರ್ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಏರಿರುತ್ತವೆ, ಲಿವರ್ ಕೆಟ್ಟಿದೆ ಎಂದು ಮನೆಯವರೆಲ್ಲ ಕಂಗಾಲು. ಆ ಎರಡು ಕಿಣ್ವಗಳು ಸ್ನಾಯುವಿನಲ್ಲೂ ಇವೆ. ಲಿವರ್‌ನ ಇನ್ನೊಂದು ಕಿಣ್ವ ಜಿಜಿಟಿ ಸರಿಯಿದ್ದು ಸ್ನಾಯುವಿನ ಕಿಣ್ವ ಸಿಕೆ ಏರಿದ್ದರೆ ಸ್ನಾಯುವಿನ ಕಡೆಗೇ ಬೊಟ್ಟು. ಒಂದು ವಾರ ಜಿಮ್ ಬಿಟ್ಟು ಮತ್ತೆ ಪರೀಕ್ಷಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ.

ಸಿಹಿಕಹಿ
ಇಷ್ಟು ಹೊತ್ತು ಟೆಸ್ಟೋಸ್ಟೆರಾನ್ ಸುತ್ತಲೇ ಮಾತು ತಿರುಗಿದೆ. ಭಾರ ಎತ್ತುವುದರಿಂದ ನಿಜವಾಗಿ ದೊಡ್ಡ ಬದಲಾವಣೆ ಆಗುವುದು ಇನ್ಸುಲಿನ್‌ನಲ್ಲಿ, ಅದನ್ನು ಯಾರೂ ಎತ್ತಲಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಈ ಚರ್ಚೆ ಓದುವವರ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ.

ಸಾಮಾನ್ಯವಾಗಿ ಇನ್ಸುಲಿನ್ ಬಂದು ತಟ್ಟಿದಾಗ ಸ್ನಾಯು ಕೋಶದ ಒಳಗಿರುವ ಗ್ಲೂಟ್-4 ಎಂಬ ಸಾಗಣೆದಾರ ಪ್ರೋಟೀನ್ ಹೊರಪೊರೆಗೆ ಬಂದು ಸಕ್ಕರೆಯನ್ನು ಒಳಗೆಳೆಯುತ್ತದೆ. ಸ್ನಾಯು ಬಿಗಿದು ಸಡಿಲಿದಾಗ ಇನ್ಸುಲಿನ್ ತಟ್ಟದೆಯೂ ಅದು ಹೊರಗೆ ಬರುತ್ತದೆ. ಇನ್ಸುಲಿನ್ ಮಾತಿಗೆ ಬಗ್ಗದ ದೇಹದಲ್ಲೂ ಈ ದಾರಿ ತೆರೆದೇ ಇರುತ್ತದೆ ಎನ್ನುವುದೇ ಇಲ್ಲಿನ ದೊಡ್ಡ ವಿಷಯ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಕಡಿಮೆ ಇನ್ಸುಲಿನ್‌ಗೇ ಹೆಚ್ಚು ಸಕ್ಕರೆ ಒಳಗೆ ಹೋಗುತ್ತದೆ. ಅದಕ್ಕೇ ವಾರಕ್ಕೆ 2-3 ದಿನ, ನಡುವೆ ಒಂದು ದಿನ ಬಿಟ್ಟು ಮಾಡಿ ಎನ್ನುವುದು. ಭಾನುವಾರ ಒಂದೇ ದಿನ ಎರಡು ಗಂಟೆ ಮಾಡಿದರೆ ಗುರುವಾರಕ್ಕೆ ಏನೂ ಉಳಿದಿರುವುದಿಲ್ಲ.

ಮಾತ್ರೆ, ಇಂಜೆಕ್ಷನ್ ತಗೊಳ್ಳುವವರು ಎಡವುವ ಜಾಗಗಳು:

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಇದ್ದರೆ ಶುರು ಮಾಡುವ ಮುಂಚೆ ಸಕ್ಕರೆ ನೋಡಿ. 90ಕ್ಕಿಂತ ಕಡಿಮೆ ಇದ್ದರೆ 15ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ತಿಂದು ಶುರು ಮಾಡಿ. ಮೂರು ಟೀ ಚಮಚ ಸಕ್ಕರೆ ಅಂದರೆ ಸುಮಾರು 15 ಗ್ರಾಂ. ಮೆಟ್‌ಫಾರ್ಮಿನ್ ಒಂದೇ ಇದ್ದವರಿಗೆ ಈ ಭಯ ಕಡಿಮೆ. ಕಾಲಿನ ವ್ಯಾಯಾಮದ ದಿನ ತೊಡೆಗೆ ಇನ್ಸುಲಿನ್ ಚುಚ್ಚಬೇಡಿ, ರಕ್ತ ಜೋರಾಗಿ ಹರಿದು ಬೇಗ ಹೀರಿಕೊಳ್ಳುತ್ತದೆ.

ಭಾರಿ ಸೆಟ್‌ಗಳ ಬೆನ್ನಿಗೇ ಸಕ್ಕರೆ ಏರಿದ್ದು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಅಡ್ರಿನಲಿನ್ ಲಿವರ್‌ನಿಂದ ಬಿಡಿಸಿದ ಗ್ಲೂಕೋಸ್, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ತಾನೇ ಇಳಿಯುತ್ತದೆ. ಆಗ ಹೆಚ್ಚುವರಿ ಇನ್ಸುಲಿನ್ ಚುಚ್ಚಿಕೊಂಡರೆ ಅದೂ ಇದೂ ಸೇರಿ ರಾತ್ರಿ ಸಕ್ಕರೆ ಕುಸಿಯುತ್ತದೆ. ಸಂಜೆ ವ್ಯಾಯಾಮ ಮಾಡಿದ ದಿನ ಮಲಗುವ ಮುಂಚೆ ಇನ್ನೊಮ್ಮೆ ನೋಡಿ.

ಕಣ್ಣಿನ ಪರದೆಯಲ್ಲಿ ಹೊಸ ರಕ್ತನಾಳ ಬೆಳೆಯುವ ಹಂತದ ರೆಟಿನೋಪತಿ ಇದ್ದರೆ ಉಸಿರು ಬಿಗಿಹಿಡಿದು ಭಾರ ಎತ್ತುವುದು ಅಪಾಯ. ಕಣ್ಣಿನ ಡಾಕ್ಟರ್ ಒಪ್ಪುವವರೆಗೆ ಬೇಡ.

ಸೇವಂತಿ
ಹೆಂಗಸರ ವಿಷಯವನ್ನೂ ದಯವಿಟ್ಟು ಬರೆಯಿರಿ. ಭಾರ ಎತ್ತಿದರೆ ಗಂಡಸಿನ ಮೈಕಟ್ಟು ಬರುತ್ತದೆ ಎಂದು ಅತ್ತೆ, ಅಮ್ಮ ಎಲ್ಲರೂ ಹೇಳುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನವರು ಎತ್ತಬಹುದೇ?

ಅಸ್ಥಿಪಂಜರ
ಮೇಡಂ, ಹೆಂಗಸರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಡೆಸಿಲೀಟರ್‌ಗೆ ಸುಮಾರು 15ರಿಂದ 70 ನ್ಯಾನೊಗ್ರಾಂ, ಅಂದರೆ ಗಂಡಸರ ಹತ್ತನೇ ಒಂದು ಭಾಗಕ್ಕೂ ಕಡಿಮೆ. ವ್ಯಾಯಾಮದ ನಂತರವೂ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಆದರೂ ಅವರ ಸ್ನಾಯು, ಇದ್ದ ಗಾತ್ರಕ್ಕೆ ಹೋಲಿಸಿ ಶೇಕಡಾವಾರು ನೋಡಿದರೆ, ಗಂಡಸರಷ್ಟೇ ಬೆಳೆಯುತ್ತದೆ. ಶುರುವಿನ ಗಾತ್ರವೇ ಚಿಕ್ಕದಾದ್ದರಿಂದ ಮೈಕಟ್ಟು ಗಂಡಸಿನಂತೆ ಆಗುವುದಿಲ್ಲ. ಈ ಚರ್ಚೆಯ ಮೊದಲ ಪ್ರಶ್ನೆಗೂ ಇದೊಂದು ಉತ್ತರವೇ.

ಮುಟ್ಟು ನಿಲ್ಲುವ ವಯಸ್ಸಿನವರು ಎತ್ತಬಹುದೇ ಎಂದಿರಿ. ಎತ್ತಲೇಬೇಕು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ಈಸ್ಟ್ರೋಜನ್ ಇಳಿದ ಮೇಲಿನ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಮೂಳೆಯೊಳಗಿನ ಕೋಶಗಳು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನ್ ಬಿಟ್ಟು ಹೊಸ ಮೂಳೆ ಕಟ್ಟುವುದಕ್ಕೆ ತಡೆ ಹಾಕುತ್ತವೆ. ಭಾರ ಬಿದ್ದಾಗ ಆ ತಡೆ ಸಡಿಲವಾಗುತ್ತದೆ. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಪ್ರಯೋಗದಲ್ಲಿ ಮೂಳೆ ಸಾಂದ್ರತೆ ಕಡಿಮೆಯಾಗಿದ್ದ 101 ಮಹಿಳೆಯರು, ಎಲ್ಲರಿಗೂ ಮುಟ್ಟು ನಿಂತಿತ್ತು. ಒಂದು ಗುಂಪು ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಮೇಲ್ವಿಚಾರಣೆಯಲ್ಲಿ ಡೆಡ್‌ಲಿಫ್ಟ್, ಸ್ಕ್ವಾಟ್, ತಲೆಯ ಮೇಲೆ ಪ್ರೆಸ್ ಮಾಡಿತು; 5 ಸೆಟ್, 5 ಸಲ, ಗರಿಷ್ಠ ಭಾರದ ಶೇ. 85ಕ್ಕೂ ಮೇಲೆ. 8 ತಿಂಗಳಲ್ಲಿ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ. 2.9 ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ. 1.2 ಇಳಿಯಿತು. ಅರ್ಧ ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು ಮೂಳೆಗೆ ಸಾಲದು ಎನ್ನುವುದು ಇದಕ್ಕೇ. ಹಾಗೆಂದು ಮೊದಲ ದಿನವೇ ಶೇ. 85 ಅಲ್ಲ. ಅವರೂ ಮೊದಲ ತಿಂಗಳು ಹಗುರ ಭಾರದಲ್ಲಿ ಭಂಗಿ ಕಲಿತರು. ಬೆನ್ನುಮೂಳೆ ಮುರಿದ ಇತಿಹಾಸ ಇದ್ದವರು ಮೊದಲು ಡಾಕ್ಟರ್‌ಗೆ ತೋರಿಸಿ.

ಯುವತಿಯರಲ್ಲಿ ಅಪಾಯ ಬೇರೆ: ತಿನ್ನುವುದು ಕಡಿಮೆ, ವ್ಯಾಯಾಮ ಹೆಚ್ಚು. 52 ಕೆಜಿ ತೂಕ, ಕೊಬ್ಬು ಶೇ. 25 ಎಂದುಕೊಳ್ಳಿ, ಕೊಬ್ಬಿಲ್ಲದ ತೂಕ 39 ಕೆಜಿ. ವ್ಯಾಯಾಮದ ಖರ್ಚು ಕಳೆದು ಆ ಪ್ರತಿ ಕೆಜಿಗೆ 30 ಕ್ಯಾಲೊರಿಗಿಂತ ಕಡಿಮೆ ಉಳಿದರೆ ಮಿದುಳಿನಿಂದ ಬರುವ, ಮುಟ್ಟಿನ ಚಕ್ರ ನಡೆಸುವ ಎಲ್‌ಎಚ್ ಹಾರ್ಮೋನಿನ ಲಯ ಕೆಡತೊಡಗುತ್ತದೆ. 39ನ್ನು 30ರಿಂದ ಗುಣಿಸಿದರೆ 1,170. ಜಿಮ್‌ನಲ್ಲಿ 300 ಖರ್ಚಾದರೆ 1,470. ಅದು ನೆಲಮಟ್ಟ, ಗುರಿ ಅಲ್ಲ. ಗುರಿ ಪ್ರತಿ ಕೆಜಿಗೆ 45 ಕ್ಯಾಲೊರಿಯ ಹತ್ತಿರ ಇರಬೇಕು. ಮೂರು ತಿಂಗಳು ಮುಟ್ಟು ಬರದಿದ್ದರೆ ವ್ಯಾಯಾಮ ಮಾಡ್ತೀನಲ್ಲ ಅದಕ್ಕೇ ಎಂದು ಸುಮ್ಮನಿರಬೇಡಿ. ಮೂಳೆ ಆಗಲೇ ಸವೆಯುತ್ತಿರುತ್ತದೆ.

ಹಗ್ಗದಗಂಟು
ವ್ಯಾಯಾಮದಿಂದ ಏರುವ ಟೆಸ್ಟೋಸ್ಟೆರಾನ್ ಲೆಕ್ಕಕ್ಕಿಲ್ಲ ಅಂದರೆ 'ಕೋರ್ಸ್' (ಹಾರ್ಮೋನ್ ಇಂಜೆಕ್ಷನ್) ಹಾಕುವವರು ಊದಿಕೊಳ್ಳುವುದು ಹೇಗೆ?

ಸೀರಂಟ್ಯೂಬ್
ಪ್ರಮಾಣ ಮತ್ತು ಕಾಲ. ವ್ಯಾಯಾಮದ್ದು ಅರ್ಧ ಗಂಟೆಯ ಸಣ್ಣ ಅಲೆ, ಇಂಜೆಕ್ಷನ್‌ದು ಸಹಜಕ್ಕಿಂತ ಹಲವು ಪಟ್ಟು, ಹಗಲೂ ರಾತ್ರಿ, ವಾರಗಟ್ಟಲೆ. 1996ರಲ್ಲಿ ಶಲೇಂದರ್ ಭಾಸಿನ್ ತಂಡದ ಪ್ರಯೋಗದಲ್ಲಿ 43 ಗಂಡಸರು, 10 ವಾರ, ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಂಥೇಟ್. ವ್ಯಾಯಾಮ ಮಾತ್ರ ಮಾಡಿದವರಿಗೆ ಕೊಬ್ಬಿಲ್ಲದ ತೂಕ ಸುಮಾರು 2 ಕೆಜಿ ಕೂಡಿತು, ವ್ಯಾಯಾಮವಿಲ್ಲದೆ ಇಂಜೆಕ್ಷನ್ ಪಡೆದವರಿಗೆ ಸುಮಾರು 3, ಎರಡೂ ಇದ್ದವರಿಗೆ 6.

ಬೆಲೆ ಏನೆಂದರೆ, ಹೊರಗಿನಿಂದ ಬಂದದ್ದನ್ನು ಕಂಡು ಮಿದುಳು ವೃಷಣಕ್ಕೆ ಕೆಲಸ ಹೇಳುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳನ್ನು ನಿಲ್ಲಿಸುತ್ತದೆ, ವೃಷಣ ಸೊರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು, 1990ರ ವರದಿ: ವಾರಕ್ಕೆ 200 ಮಿಲಿಗ್ರಾಂ ಪಡೆದ 271 ಗಂಡಸರಲ್ಲಿ 157 ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದೂ ವೀರ್ಯಾಣು ಇರಲಿಲ್ಲ. ಜಿಮ್ ಕೋರ್ಸ್‌ಗಳು ಅದಕ್ಕಿಂತ ಹೆಚ್ಚಿನ ಪ್ರಮಾಣದವು. ನಿಲ್ಲಿಸಿದ ಮೇಲೆ ಮತ್ತೆ ಶುರುವಾಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಮಕ್ಕಳಾಗದೆ ಹೆಂಡತಿಯನ್ನು ಪರೀಕ್ಷೆಗೆ ಅಲೆಸುವ ಮೊದಲು ಇದನ್ನು ಡಾಕ್ಟರ್ ಎದುರು ಬಾಯಿಬಿಟ್ಟು ಹೇಳಬೇಕು. ರಕ್ತ ಗಟ್ಟಿಯಾಗುವುದು ಇನ್ನೊಂದು ತೊಂದರೆ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 54 ದಾಟಿದರೆ ವೈದ್ಯರು ಕೊಟ್ಟ ಚಿಕಿತ್ಸೆಯನ್ನೂ ನಿಲ್ಲಿಸುತ್ತಾರೆ.

ಬೇಳೆಕಟ್ಟು
ಇಂಜೆಕ್ಷನ್ ಇಲ್ಲದೆ ಹಾರ್ಮೋನ್ ಸರಿಯಾಗಿ ಉಳಿಸಿಕೊಳ್ಳುವ ದಾರಿ ಎರಡೇ, ನಿದ್ದೆ ಮತ್ತು ಊಟ. ಷಿಕಾಗೋದಲ್ಲಿ 10 ಯುವಕರನ್ನು ಒಂದು ವಾರ ರಾತ್ರಿಗೆ 5 ಗಂಟೆ ಮಾತ್ರ ಮಲಗಿಸಿದಾಗ ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15 ಇಳಿಯಿತು, 2011ರ ಅಧ್ಯಯನ. ಹೊಟ್ಟೆಯ ಬೊಜ್ಜು ಇದ್ದವರಿಗೆ ತೂಕ ಇಳಿದರೆ ಟೆಸ್ಟೋಸ್ಟೆರಾನ್ ಏರುತ್ತದೆ. ಮೊದಲೇ ಸಣಕಲಾಗಿದ್ದವರು ಇನ್ನೂ ಇಳಿಸಿದರೆ ಕುಸಿಯುತ್ತದೆ.

ಪ್ರೋಟೀನ್ ದಿನಕ್ಕೆ ಕೆಜಿಗೆ 1.6 ಗ್ರಾಂ. 65 ಕೆಜಿಯವರಿಗೆ 104. ಮೂರು ಮೊಟ್ಟೆ 18, ಅರ್ಧ ಲೀಟರ್ ಹಾಲು 16, 60 ಗ್ರಾಂ ತೊಗರಿಬೇಳೆ 13, 40 ಗ್ರಾಂ ಒಣ ಸೋಯಾ ಚಂಕ್ಸ್ 20, ಒಂದು ಹಿಡಿ ಕಡಲೆಕಾಯಿ ಬೀಜ 7, ಒಂದು ಬಟ್ಟಲು ಮೊಸರು 6. ಇಷ್ಟಕ್ಕೆ 80. ಉಳಿದದ್ದು ಮುದ್ದೆ, ಅನ್ನ, ಚಪಾತಿಯಿಂದ ಬರುತ್ತದೆ. ತಿಳಿಸಾರಿನಲ್ಲಿ ಬೇಳೆ ತಳದಲ್ಲಿರುತ್ತದೆ, ಮೇಲಿನ ಕಟ್ಟು ಮಾತ್ರ ಬಡಿಸಿಕೊಂಡರೆ ಈ ಲೆಕ್ಕ ಹಿಡಿಯುವುದಿಲ್ಲ. ಸೋಯಾ ತಿಂದರೆ ಟೆಸ್ಟೋಸ್ಟೆರಾನ್ ಇಳಿಯುತ್ತದೆ ಎನ್ನುವ ಭಯ ಬೇಡ, 2021ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಯಾವ ಪರಿಣಾಮವೂ ಕಾಣಲಿಲ್ಲ.

ತೋಳ್ಬಲ
ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ತೋಳೇ ಮುಖ್ಯ ಅನ್ನುವವರು ವಾರವನ್ನು ಹೇಗೆ ಜೋಡಿಸಬೇಕು?

ಗರಡಿಮಣ್ಣು
ವಾರಕ್ಕೆ ಮೂರು ದಿನ ಎಂದುಕೊಳ್ಳೋಣ. ಸೋಮವಾರ ಮತ್ತು ಶುಕ್ರವಾರ ತೋಳು ಮೊದಲು: ಇಳಿಜಾರು ಬೆಂಚಿನಲ್ಲಿ ಡಂಬೆಲ್ ಕರ್ಲ್ 3 ಸೆಟ್, ತಲೆಯ ಹಿಂದೆ ಟ್ರೈಸೆಪ್ಸ್ 3 ಸೆಟ್, ಎರಡನ್ನೂ ಜೋಡಿ ಮಾಡಿ. ಆಮೇಲೆ ಬೆಂಚ್, ರೋ, ಸ್ಕ್ವಾಟ್. ಬುಧವಾರ ಡೆಡ್‌ಲಿಫ್ಟ್, ಪುಲ್-ಅಪ್, ಪ್ರೆಸ್ ಮೊದಲು, ಕೊನೆಗೆ ಕರ್ಲ್ 3 ಸೆಟ್, ಟ್ರೈಸೆಪ್ಸ್ 3 ಸೆಟ್. ಬೈಸೆಪ್ಸ್‌ಗೂ ಟ್ರೈಸೆಪ್ಸ್‌ಗೂ ನೇರವಾಗಿ ವಾರಕ್ಕೆ ತಲಾ 9 ಸೆಟ್, ರೋ ಮತ್ತು ಪುಲ್-ಅಪ್‌ನಿಂದ ಬೈಸೆಪ್ಸ್‌ಗೆ ಬೀಳುವುದು ಬೇರೆ. 8ರಿಂದ 12 ಸಲ, ಇನ್ನು ಒಂದೆರಡು ಸಲ ಎತ್ತಬಹುದು ಎನ್ನುವಾಗ ನಿಲ್ಲಿಸಿ. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ವಾರ ಡಂಬೆಲ್‌ಗೆ ಒಂದು ಕೆಜಿ ಸೇರಿಸಿ, ಮತ್ತೆ 8-9ರಿಂದ ಶುರು.

ಸ್ಕ್ವಾಟ್ ಆದ ಮೇಲೆ ನಿಂತು ಬಾರ್‌ಬೆಲ್ ಕರ್ಲ್ ಇಡಬೇಡಿ. ಸೊಂಟ ದಣಿದಿರುತ್ತದೆ, ಮೈ ತೂಗಾಡಿಸಿ ಎತ್ತುತ್ತೀರಿ, ಭಾರ ಬೈಸೆಪ್ಸ್‌ನಿಂದ ಬೆನ್ನಿಗೆ ಜಾರುತ್ತದೆ. ಸ್ಕ್ವಾಟ್ ಮೊದಲು ಮಾಡಿಯೇ ತೀರಬೇಕು ಎಂದಾದರೆ ಕರ್ಲ್ ಅನ್ನು ಕೂತು, ಬೆನ್ನು ಬೆಂಚಿಗೆ ಒರಗಿಸಿ ಮಾಡಿ.